ಕಡತಕ್ಕೆ ಹೋಗದ ಕೂಗು

ಅವ್ವನ ಫೋಟೊಗಳು ನನ್ನ ಫೋನಿನಲ್ಲಿ ಬೇಕಾದಷ್ಟಿವೆ. ದನಿ ಮಾತ್ರ ಒಂದು ಚೂರೂ ಇಲ್ಲ. ಈ ಸಲದ ಹಿರಿಯರ ಹಬ್ಬದ ದಿನ ಇದೇ ಸಂಕಟ ನನ್ನನ್ನು ಕಿತ್ತು ತಿಂದುಬಿಟ್ಟಿತು. ಎಡೆ ಇಟ್ಟು, ಧೂಪ ಹಾಕಿ, ಹೋದವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ನಾನೂ ಮಗಳೂ ಹೊರಗೆ ಜಗುಲಿಯ ಮೇಲೆ ಕೂತಿದ್ದೆವು. ಕೊಟ್ಟ ಮನೆಯ ಹಿರಿಯರ ಎಲೆಗಳ ಪಕ್ಕದಲ್ಲಿ ನಮ್ಮವ್ವನಿಗೂ ಒಂದು ಎಲೆ ಹಾಕುತ್ತೇನೆ. ಮದುವೆಯಾಗಿ ಬಂದ ಹೆಣ್ಣು ಹಂಗೆಲ್ಲ ಹಾಕಬಾರದು ಅಂದವರೂ ಇದ್ದಾರೆ. ಅನ್ನಲಿ ಬಿಡಿ, ಅವರ ಮನೆ ಅಕ್ಕಿಯನ್ನೇನೂ ನಾನು ಬೇಯಿಸಿಲ್ಲ.

ಎಡೆ ನೋಡಿದರೆ ಅವ್ವನಿಗೆ ಬೇಕಾದದ್ದೆಲ್ಲ ಇತ್ತು. ಅವಳು ಬರುವ ಸದ್ದೊಂದು ಇರಲಿಲ್ಲ. ಒಂದೇ ಒಂದು ಸಲ ಆ ದನಿ ಕೇಳಬೇಕು ಅನ್ನಿಸಿತು.

ಹಂಗಳದಿಂದ ಕಾಡಿನ ಕಡೆಗೆ ಒಳಕ್ಕೆ ಹೋದರೆ ನಮ್ಮೂರು. ನನ್ನನ್ನು ಕುದೇರಿಗೆ ಕೊಟ್ಟರು. ಆಮೇಲೆ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ ಸಿಕ್ಕಿತು, ನಗರಕ್ಕೆ, ಅಂದರೆ ಚಾಮರಾಜನಗರಕ್ಕೆ, ಬಂದು ಮನೆ ಮಾಡಿದೆವು. ಅವ್ವ ಊರಲ್ಲೇ ಚೆಂಡುಹೂವು, ಟೊಮೆಟೊ, ಒಂದಿಷ್ಟು ಹುರುಳಿ ಬೆಳೆದುಕೊಂಡು ಯಾರ ಹಂಗೂ ಇಲ್ಲದೆ ಇದ್ದಳು. ಅವಳ ಗಂಟಲು ಅಂದರೆ ಗಂಟಲು! ಕಾಡಂಚಿನ ಹೊಲ, ಹಂದಿ ಬಂದರೂ ಕೂಗಬೇಕು, ಆನೆ ಬಂದರೂ ಕೂಗಬೇಕು. ಅಟ್ಟಣೆಯ ಮೇಲೆ ನಿಂತು ಅವಳು ಒಂದು ಸಲ ಕೂಗಿದರೆ ಅತ್ತ ಕಡೆಯ ಹೊಲದವರು ಮಾತು ನಿಲ್ಲಿಸುತ್ತಿದ್ದರು. ನನಗೆ ಆ ಗಂಟಲು ಬರಲಿಲ್ಲ. ನಾಲಿಗೆ ಅವಳದೇ, ಚೂಪು, ಆದರೆ ನಾನು ಬೈದರೆ ಪಕ್ಕದ ಮಿಷನ್ನಿನವಳಿಗೂ ಸರಿಯಾಗಿ ಕೇಳುವುದಿಲ್ಲ.

ಅಂಥ ಗಂಟಲು ಫೋನು ಕಂಡರೆ ಅಡಗಿಹೋಗುತ್ತಿತ್ತು. "ರೆಕಾರ್ಡ್ ಮಾಡ್ತೀನಿ, ಮಾತಾಡವ್ವ" ಅಂದರೆ ಸೆರಗು ಬಾಯಿಗಿಟ್ಟುಕೊಂಡು ತಲೆಯಾಡಿಸುವಳು. ದನಿ ಹಿಡಿದಿಟ್ಟರೆ ಆಯಸ್ಸು ಕಮ್ಮಿ ಅಂತ ಯಾರೋ ಪುಣ್ಯಾತ್ಮರು ತಲೆಗೆ ತುಂಬಿದ್ದರು. ದನಿ ಹಿಡಿಯಲಿಲ್ಲ, ಆಯಸ್ಸೇನು ಉಳಿಯಿತೇ?

ಊರಿಗೆ ಬಸ್ಸಿರಲಿಲ್ಲ. ಅಂದರೆ, ಇತ್ತು, ಕಾಗದದಲ್ಲಿ. ಗುಂಡ್ಲುಪೇಟೆಯಿಂದ ನಮ್ಮೂರಿನ ಬೋರ್ಡು ಹಾಕಿಕೊಂಡೇ ಹೊರಡುತ್ತಿತ್ತು. ಹಂಗಳ ದಾಟಿ ನಮ್ಮೂರಿನ ಕವಲು ಸಿಕ್ಕಿದ್ದೇ ತಡ, ಅಲ್ಲೇ ತಿರುಗಿಸಿಕೊಂಡು ಹೋಗಿಬಿಡುತ್ತಿತ್ತು. ಒಂದು ದಿನ ರಸ್ತೆ ಸರಿಯಿಲ್ಲ, ಒಂದು ದಿನ ಆನೆ, ಒಂದು ದಿನ ಜನ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬರುವ ದಿನ ಅವ್ವ ಕವಲಿನಲ್ಲಿ ಬಂದು ನಿಂತಿರುತ್ತಿದ್ದಳು. ನನ್ನ ಕಾಲು ನೆಲಕ್ಕೆ ತಾಗುವ ಮೊದಲೇ "ಬಂದ್ಯಾ ಕಣಮ್ಮೀ..." ಅಂತ ಕೂಗು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಬಗ್ಗಿ ನೋಡುವರು. ಆಮೇಲೆ ಮನೆ ಮುಟ್ಟುವ ತನಕ ಒಂದೇ ಹಾಡು: "ನನ್ ಮಗ್ಳು ನನ್ ಮನೆ ಬಾಗ್ಲಲ್ಲಿ ಇಳೀಬೇಕು. ಅದ ಕಣ್ಣಾರೆ ನೋಡ್ಬುಡ್ಬೇಕು. ಆಮೇಲೆ ಬೇಕಾದ್ರೆ ಆ ಬಸ್ಸು ಕೆರೆಗೆ ಬೀಳ್ಲಿ."

ನೀರಿನ ಟ್ಯಾಂಕು ಶುರು ಮಾಡಲು ಬಂದಿದ್ದ ನಮ್ಮ ಕಡೆಯ ಶಾಸಕರೊಬ್ಬರನ್ನು ಅವ್ವ ಅಡ್ಡಗಟ್ಟಿದಳು. ಅವರು ಬೇಜಾರು ಮಾಡಿಕೊಳ್ಳದೆ, "ವಿಧಾನಸಭೇಲಿ ಪ್ರಶ್ನೆ ಕೇಳ್ತೀನಿ ತಾಯಿ" ಅಂದರು.

"ಅಲ್ ಕೇಳುದ್ರೆ ಇಲ್ಲಿಗೆ ಬಸ್ ಬತ್ತದಾ?"

ಪಾಪ, ಅವರು ನಮ್ಮ ಜಗುಲಿಯ ಮೇಲೆ ಕೂತು ಬಿಡಿಸಿ ಹೇಳಿದರು. ಎದ್ದು ನಿಂತು ಕೇಳಿಬಿಡುವ ಹಾಗಿಲ್ಲವಂತೆ. ಎಷ್ಟೋ ದಿನ ಮುಂಚೆ ಬರೆದು ಕೊಡಬೇಕು. ಎಲ್ಲರೂ ಕೊಟ್ಟಿರುತ್ತಾರೆ, ಅದಕ್ಕೇ ಚೀಟಿ ಎತ್ತುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಯ ಸಾಲಿನಲ್ಲಿ ಬಂದರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು, ಮೇಲೆ ಉಪಪ್ರಶ್ನೆಯನ್ನೂ ಹಾಕಬಹುದು. ಚುಕ್ಕೆ ಇಲ್ಲದ್ದಕ್ಕೆ ಉತ್ತರ ಬರೀ ಕಾಗದದಲ್ಲಿ.

"ಕಾಗ್ದದ ಉತ್ರ ಬ್ಯಾಡ ಕಣಪ್ಪ. ಕಾಗ್ದದಲ್ಲಿ ಬಸ್ಸೇ ಅದೆ ನಮ್ಗೆ" ಅಂದಳು ಅವ್ವ. ಚೀಟಿ ಎತ್ತುವುದು ಅವಳಿಗೆ ಚೆನ್ನಾಗಿ ತಿಳಿಯಿತು. ದೇವರಲ್ಲಿ ಹೂ ಕೇಳಿದ ಹಾಗೆ, ಬಲಕ್ಕೆ ಬಿದ್ದರೆ ಆಯಿತು. ಬೆಟ್ಟದ ಗೋಪಾಲಸ್ವಾಮಿಗೆ ಹರಕೆ ಹೊತ್ತಳು. ನಂಬಿ ಬಿಡಿ, ಚುಕ್ಕೆ ಬಿತ್ತು.

ಬಿದ್ದ ಮೇಲೆ ಕೇಳಬೇಕೇ? "ನನ್ ನ್ಯಾಯ ನಡೀವಾಗ ನಾನಿಲ್ದೆ ಎಂಗೆ? ಓಗನ ನಡಿ" ಅಂತ ಹಟ ಹಿಡಿದಳು. ಶಾಸಕರೇ ಪಾಸು ಮಾಡಿಸಿಕೊಟ್ಟರು. ನಾನು ರಜೆ ಹಾಕಿ ಕರೆದುಕೊಂಡು ಹೋದೆ.

ವಿಧಾನಸೌಧದ ಬಾಗಿಲಲ್ಲಿ ಫೋನು ತೆಗೆದುಕೊಂಡರು, ಚೀಲ ತೆಗೆದುಕೊಂಡರು, ಕೊನೆಗೆ ಅವ್ವನ ಸೊಂಟದಲ್ಲಿದ್ದ ಎಲೆ ಅಡಿಕೆ ಚೀಲವನ್ನೂ ತೆಗೆದುಕೊಂಡರು. "ಸುಣ್ಣುದ್ ಡಬ್ಬಿ ಕಣಪ್ಪ, ಬಾಂಬಲ್ಲ" ಅಂತ ಅವ್ವ ಜಗಳಕ್ಕೆ ನಿಂತಳು. ಬಿಡಲಿಲ್ಲ. ಈಗಲೂ ಅಂದುಕೊಳ್ಳುತ್ತೇನೆ, ಆ ಚೀಲ ಒಂದು ಬಿಟ್ಟಿದ್ದರೆ ಬಾಯಿ ತುಂಬಿಸಿಕೊಂಡು ತೆಪ್ಪಗೆ ಇರುತ್ತಿದ್ದಳೋ ಏನೋ.

ಮೇಲಿನ ಗ್ಯಾಲರಿಯಲ್ಲಿ ಕೂತೆವು. ಕೆಳಗೆ ನಡುವೆ ಎತ್ತರದ ಪೀಠದಲ್ಲಿ ಸಭಾಧ್ಯಕ್ಷರು. ಅವರ ಬಲಗಡೆಗೆ ಸರ್ಕಾರದವರು, ಎಡಗಡೆಗೆ ವಿರೋಧ ಪಕ್ಷದವರು, ಹೆಣ್ಣಿನ ಕಡೆ ಗಂಡಿನ ಕಡೆ ಬೀಗರು ಕೂತ ಹಾಗೆ. ಪೀಠದ ಕೆಳಗಿನ ಮೇಜಿನಲ್ಲಿ ತಲೆಯೆತ್ತದೆ ಬರೆಯುವವರು. ಒಬ್ಬರು ಬಂದು ಬರೆದು ಎದ್ದು ಹೋದರೆ ಇನ್ನೊಬ್ಬರು ಬರುವರು. ಆಡಿದ ಮಾತು ಒಂದೂ ನೆಲಕ್ಕೆ ಬೀಳಬಾರದಂತೆ.

ಗಂಟೆ ಬಾರಿಸುತ್ತಲೇ ಇತ್ತು. ಹತ್ತರಲ್ಲಿ ಒಂದು ಪಾಲು ಸದಸ್ಯರಾದರೂ ಒಳಗೆ ಇಲ್ಲದಿದ್ದರೆ ಸಭೆ ನಡೆಸುವಂತಿಲ್ಲ, ಅದಕ್ಕೇ ಕರೆಯುತ್ತಾರೆ ಅಂತ ಪಕ್ಕದಲ್ಲಿದ್ದ ಒಬ್ಬರು ಹೇಳಿದರು. ಅವ್ವ ನನ್ನ ಕಿವಿಗೆ ಬಾಗಿ, "ಓಟ್ ಕೇಳಕ್ಕೆ ಮನೆ ಮನೆಗೂ ಬತ್ತಾರೆ, ಕುಂತ್ಕಳಕ್ಕೆ ಗಂಟೆ ಒಡೀಬೇಕಾ?" ಅಂದಳು. ಮಾತು ಶುರುವಾದ ಮೇಲೆ ಅವಳಿಗೆ ಇನ್ನೊಂದು ಸೋಜಿಗ. ಎಲ್ಲರೂ ಪೀಠದ ಕಡೆಗೇ ತಿರುಗಿ "ಸನ್ಮಾನ್ಯ ಸಭಾಧ್ಯಕ್ಷರೇ" ಅನ್ನಬೇಕು. ಎದುರಿನವರ ಮೇಲೆ ಹರಿಹಾಯುವಾಗಲೂ ಪೀಠಕ್ಕೇ ಹೇಳಬೇಕು. "ಅತ್ತೆ ಮ್ಯಾಲಿನ್ ಕ್ವಾಪ ಕೊತ್ತಿ ಮ್ಯಾಲೆ" ಅಂತ ಗೊಣಗಿದಳು. ನನಗೆ ನಗು ತಡೆಯಲಾಗಲಿಲ್ಲ.

ನಮ್ಮ ಪ್ರಶ್ನೆ ಬಂತು. ಶಾಸಕರು ಎದ್ದರು. ನಮ್ಮೂರಿನ ಹೆಸರು ಆ ದೊಡ್ಡ ಹಾಲಿನಲ್ಲಿ ಮೈಕಿನಲ್ಲಿ ಕೇಳಿತು. ಅವ್ವ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಒರಟು, ಬಿಸಿ. ಆಮೇಲೆ ಮಂತ್ರಿಗಳು ಎದ್ದು, ಇಲಾಖೆಯವರು ಬರೆದುಕೊಟ್ಟ ಕಾಗದ ನೋಡಿಕೊಂಡು ಓದಿದರು: "ಸದರಿ ಗ್ರಾಮಕ್ಕೆ ಪ್ರತಿದಿನ ಬಸ್ಸು ಸಂಚರಿಸುತ್ತಿರುತ್ತದೆ."

ಇಲ್ಲಿ ನಮ್ಮೂರಿನ ನ್ಯಾಯದ ವಿಚಾರ ಹೇಳಲೇಬೇಕು. ಚಾವಡಿಯಲ್ಲಿ ನ್ಯಾಯಕ್ಕೆ ಕೂತಾಗ ಒಬ್ಬ ಒಂದು ಮಾತು ಹೇಳಿದ, ಅದು ಸುಳ್ಳು ಅಂತಿಟ್ಟುಕೊಳ್ಳಿ. ಅದರಿಂದ ಯಾರಿಗೆ ನಷ್ಟವೋ ಅವರು ಅಲ್ಲೇ, ಆಗಲೇ ಎದ್ದು ಇಲ್ಲ ಅನ್ನಬೇಕು. ಅನ್ನದಿದ್ದರೆ ಒಪ್ಪಿದ ಹಾಗೆ, ಆಮೇಲೆ ಬಾಯಿ ಬಡಿದುಕೊಂಡರೂ ಯಾರೂ ಕೇಳುವುದಿಲ್ಲ. ಅವ್ವ ಹುಟ್ಟಿದಾಗಿನಿಂದ ಕಂಡ ಸಭೆ ಅಂದರೆ ಅದೇ.

ನಾನು ಸೆರಗು ಹಿಡಿಯುವಷ್ಟರಲ್ಲಿ ಎದ್ದು ನಿಂತಿದ್ದಳು. ಆನೆ ಓಡಿಸುವ ಗಂಟಲು.

"ಇಲ್ಲ ಕಣಪ್ಪೋ! ಬತ್ತಾ ಇಲ್ಲ! ಬಸ್ಸು ಕಾಗ್ದದ್ ಮ್ಯಾಲೆ ಬತ್ತದೆ, ನಾವು ಕಾಲ್ ಮ್ಯಾಲೆ ಬತ್ತೀವಿ!"

ಕೆಳಗಿದ್ದ ತಲೆಗಳೆಲ್ಲ ಒಟ್ಟಿಗೆ ಮೇಲಕ್ಕೆ ತಿರುಗಿದವು. ಬಲಗಡೆಯವು, ಎಡಗಡೆಯವು, ಎಲ್ಲ. ಬರೆಯುತ್ತಿದ್ದವರೂ ಪೆನ್ನು ನಿಲ್ಲಿಸಿದರು. ಸಭಾಧ್ಯಕ್ಷರು ಮಾತ್ರ, "ಗ್ಯಾಲರಿಯಲ್ಲಿರುವವರು ಮಾತಾಡುವ ಹಾಗಿಲ್ಲ. ಅದು ಕಡತಕ್ಕೆ ಹೋಗುವುದಿಲ್ಲ" ಅಂದರು. ಹೆಣ್ಣು ಮಾರ್ಷಲ್ ಒಬ್ಬಳು ಬಂದು ಅವ್ವನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಅವ್ವನನ್ನು ಬೈಯುತ್ತಲೇ ಹೋದಳು, ಆದರೂ ಹೊರಗೆ ಬೆಂಚಿನ ಮೇಲೆ ಕೂರಿಸಿ ನೀರನ್ನೂ ಕೊಟ್ಟಳು.

ಅವ್ವನಿಗೆ ಹೊರಗೆ ಹಾಕಿದ್ದರ ಬಗ್ಗೆ ಅವಮಾನವೇನೂ ಆಗಿರಲಿಲ್ಲ. "ಕಡ್ತ ಅಂದ್ರೆ ಏನ?" ಅಂತ ಕೇಳಿದಳು. ಅಲ್ಲಿ ಆಡಿದ್ದೆಲ್ಲ ಬರೆದು ಕಾಲಕಾಲಕ್ಕೂ ಇಡುತ್ತಾರೆ, ನೀನು ಆಡಿದ್ದು ಅದಕ್ಕೆ ಸೇರುವುದಿಲ್ಲ ಅಂದೆ. ಆಗ ಅವಳ ಮುಖ ಸಣ್ಣದಾಯಿತು.

"ಬಸ್ ಬತ್ತದೆ ಅಂದ್ರಲ್ಲ, ಅದ್ ಸೇರ್ತದಾ?"

"ಸೇರ್ತದೆ."

"ಸುಳ್ಳು ಇರ್ತದೆ, ದಿಟ ಇರಕುಲ್ಲ. ಚೆನ್ನಾಗದೆ ಬುಡು ನಿಮ್ ಕಡ್ತ."

ಪ್ರಶ್ನೋತ್ತರ ಮುಗಿದ ಮೇಲೆ ಶಾಸಕರು ಹೊರಗೆ ಬಂದರು. ಗ್ಯಾಲರಿಯವರನ್ನು ತೋರಿಸಿ ಮಾತಾಡುವುದೂ ತಪ್ಪಂತೆ. ಅದಕ್ಕೇ ಅವರು ಅವ್ವನ ಮಾತನ್ನೇ ಉಪಪ್ರಶ್ನೆ ಮಾಡಿ, ತಮ್ಮದೇ ಮಾತು ಅನ್ನುವ ಹಾಗೆ ಹೇಳಿದ್ದರು. ಬಸ್ಸು ಕಾಗದದ ಮೇಲೆ ಬರುತ್ತದೆ, ಜನ ಕಾಲ ಮೇಲೆ ಬರುತ್ತಾರೆ. ಮಂತ್ರಿಗಳು ವಿಚಾರಿಸಿ ಬಸ್ಸು ಕಳಿಸುತ್ತೇನೆ ಅಂದರಂತೆ. "ನನ್ ಮಾತ ನೀ ಯೋಳ್ಬುಟ್ಯಾ? ಯೋಳ್ಕೊ ಬುಡಪ್ಪ" ಅಂತ ಅವ್ವ ನಕ್ಕಳು. ಎಲೆ ಅಡಿಕೆ ಚೀಲ ವಾಪಸ್ ಸಿಕ್ಕಿದ ಮೇಲೆ ಪೂರ್ತಿ ಸರಿಹೋದಳು.

ಬಸ್ಸು ಬಂತು. ಆ ಮುಂಗಾರು ಕಳೆದ ಮೇಲೆ, ನಿಜವಾಗಿಯೂ ಬಂತು. ಈಗ ಹೆಂಗಸರಿಗೆ ಟಿಕೆಟ್ಟಿನ ದುಡ್ಡೂ ಇಲ್ಲ. ನಾನು ಮೊದಲ ಸಲ ನಮ್ಮ ಮನೆ ಬಾಗಿಲಲ್ಲಿ ಇಳಿದ ದಿನ ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಕೂಗಲಿಲ್ಲ. ಎದುರಿಗೇ ಇದ್ದೇನೆ, ಯಾರನ್ನು ಕೂಗುವುದು? ಕೈ ಹಿಡಿದು ಮೆತ್ತಗೆ "ಬಾ ಮಗ" ಅಂದಳು, ಅಷ್ಟೇ. ಕವಲಿನ ಆ ಕೂಗು ಅಲ್ಲಿಗೆ ನಿಂತುಹೋಯಿತು ಅಂತ ನನಗೆ ಆವತ್ತು ಹೊಳೆಯಲೂ ಇಲ್ಲ. ಬಾಗಿಲಿಗೇ ಬಂದು ಇಳಿಯುವ ಖುಷಿಯಲ್ಲಿದ್ದೆ. ಮುಂದಿನ ಚಳಿಗಾಲದಲ್ಲಿ ಹೊಲದಿಂದ ಬಂದು ಮಲಗಿದವಳು ಏಳಲಿಲ್ಲ. ಅದೇ ಬಸ್ಸಿನಲ್ಲಿ ಹೋಗಿ ಅದೇ ಬಾಗಿಲಲ್ಲಿ ಇಳಿದೆ.

ಇದನ್ನೆಲ್ಲ ಜಗುಲಿಯ ಮೇಲೆ ಮಗಳಿಗೆ ಹೇಳಿ, ಒಂದು ಸಲ ಆ ದನಿ ಕೇಳಬೇಕು ಕಣೇ ಅಂತ ಅತ್ತುಬಿಟ್ಟೆ. ಕಾಲೇಜಿಗೆ ಹೋಗುವ ಹುಡುಗಿ, ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. "ಅಮ್ಮ, ಸದನದ್ದೆಲ್ಲ ಯೂಟ್ಯೂಬಲ್ಲಿ ಇರ್ತದೆ. ಅಜ್ಜಿ ಕೂಗಿದ್ದೂ ಇರ್ಬೇಕಲ್ವಾ?"

ನನ್ನ ಫೋನು ಅವಳ ಕೈಗೆ ಕೊಟ್ಟೆ. ಹುಡುಕಿದಳು, ಸಿಕ್ಕಿತು. ಅದೇ ಪೀಠ, ಅದೇ ಮೇಜು. ಶಾಸಕರು ಎದ್ದರು. ಮಂತ್ರಿಗಳು ಎದ್ದು ಕಾಗದ ಓದಿದರು. ಸಂಚರಿಸುತ್ತಿರುತ್ತದೆ. ನಾನು ಫೋನಿನ ಹತ್ತಿರಕ್ಕೆ ಬಾಗಿದೆ.

ಏನೂ ಇಲ್ಲ. ತಲೆಗಳೆಲ್ಲ ಮೇಲಕ್ಕೆ ತಿರುಗಿದವು, ಸಭಾಧ್ಯಕ್ಷರು ಕಡತಕ್ಕೆ ಹೋಗುವುದಿಲ್ಲ ಅಂದರು, ಅಷ್ಟೇ. ಮೈಕು ಇರುವುದು ಸದಸ್ಯರ ಮೇಜಿನಲ್ಲಿ, ಪೀಠದಲ್ಲಿ. ಗ್ಯಾಲರಿಗೆಲ್ಲಿಯ ಮೈಕು? ಅಷ್ಟು ಜನ ತಲೆಯೆತ್ತಿ ನೋಡುತ್ತಿದ್ದಾರೆ, ಯಾರನ್ನು ನೋಡುತ್ತಿದ್ದಾರೋ ಅವಳಿಲ್ಲ. "ಹಾಳಾದೋರು, ಮೇಲೊಂದು ಮೈಕು ಇಟ್ಟಿದ್ರೆ ಇವ್ರ ಗಂಟೇನು ಹೋಗ್ತಿತ್ತು?" ಅಂತ ಬೈದೆ. ಮಗಳು ಇನ್ನೊಂದು ಸಲ ಹಾಕಿದಳು. ಮತ್ತೊಂದು ಸಲ ಹಾಕು ಅಂದೆ.

ಮಂತ್ರಿಗಳು ಓದಿದರು. ಸಂಚರಿಸುತ್ತಿರುತ್ತದೆ. ತಲೆಗಳು ಮೇಲಕ್ಕೆ ತಿರುಗಿದವು. ಆ ಖಾಲಿ ಜಾಗವನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ಎಲ್ಲಿತ್ತೋ ಏನೋ, ಹೊಟ್ಟೆಯ ಅಡಿಯಿಂದ ಎದ್ದು ಬಂತು.

"ಇಲ್ಲ ಕಣಪ್ಪೋ! ಬತ್ತಾ ಇಲ್ಲ!"

ಎದುರು ಮನೆಯವರು ಬಾಗಿಲಿಗೆ ಬಂದರು. ಬೀದಿಯಲ್ಲಿ ಹೋಗುತ್ತಿದ್ದ ಬೈಕಿನವನು ಬ್ರೇಕು ಹಾಕಿ ತಿರುಗಿ ನೋಡಿದ. ಮಗಳು ನನ್ನ ಮುಖ ನೋಡಿದಳು, ಆಮೇಲೆ ಎಡೆ ಇಟ್ಟು ಮುಚ್ಚಿದ್ದ ಬಾಗಿಲನ್ನು ನೋಡಿದಳು.

"ಬಾಗ್ಲು ತೆಗೀಲಾ ಅಮ್ಮ? ಅಜ್ಜಿ ಬಂದ್ಳು."