ಡೀಕನ್ನನ ಮುಂಗಾಲು

ನನ್ನ ಅತ್ತಿಗೆ ಆರ್ಡಿಸ್ ಸಾಕಿದ ಯಾವ ಪ್ರಾಣಿಯದೂ ಪಕ್ಕೆಲುಬು ಕಂಡದ್ದಿಲ್ಲ. ವಿಸ್ಕಾನ್ಸಿನ್ನಿನ ನಮ್ಮ ಕಡೆ ಹಸುವಿನ ಎಲುಬು ಎಣಿಸುವಂತಿದ್ದರೆ ಮುಗಿಯಿತು, ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಕಾಫಿ ಮೇಜಿನಲ್ಲಿ ಆ ಮನೆಯವರ ಮಾನ ಹೋದಂತೆಯೇ. ಕರು ಹಾಕಿದ ಹಸು, ಮೈಯ ಕ್ಯಾಲ್ಸಿಯಂ ಹಾಲಿಗೆ ಹೋಗಿ ಹಾಲುಜ್ವರ ಬಂದು ಕುಸಿದರೆ ಅವಳು ಡಾಕ್ಟರಿಗೆ ಕಾಯುತ್ತ ಕೂರುವವಳಲ್ಲ. ತಾನೇ ಕತ್ತಿನ ನರಕ್ಕೆ ಸೂಜಿ ಚುಚ್ಚಿ, ಕ್ಯಾಲ್ಸಿಯಂ ಬಾಟಲಿ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಸತ್ತೇಹೋಯಿತು ಅಂದುಕೊಂಡ ಹಸು ಸ್ವಲ್ಪ ಹೊತ್ತಿಗೆಲ್ಲ ಎದ್ದು ನಿಲ್ಲುತ್ತಿತ್ತು. ನಲವತ್ತು ವರ್ಷ ಇದನ್ನು ನೋಡಿದವಳಿಗೆ ಕ್ಯಾಲ್ಸಿಯಂ ಮೇಲಿದ್ದಷ್ಟು ನಂಬಿಕೆ ಪಾದ್ರಿಯ ಮೇಲೂ ಇರಲಿಲ್ಲ.

ನನ್ನಣ್ಣ ಓರಿನ್‌ಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮೊದಲು ಕೈ ನಡುಗಿತು, ಆಮೇಲೆ ಹೆಜ್ಜೆ ತಪ್ಪತೊಡಗಿತು. ಕೊಟ್ಟಿಗೆಯಲ್ಲಿ ಎರಡು ಸಲ ಬಿದ್ದ. ಹಿಡಿದು ನಡೆಯಲು ವಾಕರ್ ತಂದುಕೊಟ್ಟರೆ ಅದಕ್ಕೆ ಟೋಪಿ ನೇತುಹಾಕಿದ, ಅಷ್ಟೇ. ಗ್ರೇಟ್ ಡೇನ್ ಜಾತಿಯ ದೊಡ್ಡ ನಾಯಿಯನ್ನು ಪಳಗಿಸಿದರೆ ಅದರ ಬೆನ್ನಿಗೆ ಕೈಯೂರಿ ನಡೆಯಬಹುದು ಎಂದು ಯಾರೋ ಹೇಳಿದಾಗ ಮಾತ್ರ ಅವನ ಮುಖ ಅರಳಿತು. ಪಳಗಿದ ನಾಯಿಗೆ ಮೂರು ವರ್ಷ ಕಾಯಬೇಕಿತ್ತು. ಆರ್ಡಿಸ್ ಕಾಯಲಿಲ್ಲ, ಎಂಟು ವಾರದ ಮರಿಯನ್ನೇ ತಂದಳು. ಚರ್ಚಿನಲ್ಲಿ ಪಾದ್ರಿಗೆ ನೆರವಾಗುವವನ ಹಾಗೆ ಅದಕ್ಕೆ ಡೀಕನ್ ಎಂದು ಹೆಸರಿಟ್ಟರು.

ಮರಿ ಕೊಟ್ಟ ಹೆಂಗಸು ಚೀಟಿ ಬರೆದುಕೊಟ್ಟಿದ್ದಳು: ನಿಧಾನವಾಗಿ ಬೆಳೆಯಲಿ, ಸಪೂರವಾಗಿರಲಿ, ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು, ಊಟಕ್ಕೆ ಬೇರೇನೂ ಬೆರೆಸಬೇಡಿ.

"ಎಲುಬು ಸಿಗ್ಬೇಕಂತೆ!" ಎಂದು ಆರ್ಡಿಸ್ ಚೀಟಿಯನ್ನು ನನ್ನ ಮುಂದೆ ಎಸೆದಳು. "ನಾಯಿ ಸಾಕು ಅಂತಾಳೋ, ಉಪವಾಸ ಕೆಡವು ಅಂತಾಳೋ ಈ ಮಹಾತಾಯಿ?"

ನಾನು ದನದ ಮೇವಿನ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾರನೆಯ ದಿನವೇ ಆರ್ಡಿಸ್ ಅಲ್ಲಿಗೆ ಬಂದು ಕರುಗಳ ಹಾಲಿನ ಪುಡಿ, ಕ್ಯಾಲ್ಸಿಯಂಗೆಂದು ಒಂದು ಚೀಲ ಮೂಳೆಪುಡಿ ಕೇಳಿದಳು.

"ಮರಿಗೆ ಇಷ್ಟೊಂದಾ ಅತ್ತಿಗೆ?"

"ಕರು ಬೆಳೆಸಿ ಕೂದಲು ಬೆಳ್ಳಗಾಗಿದೆ, ನನಗೆ ಪಾಠ ಹೇಳ್ಬೇಡ. ಇದು ಬೇಗ ಬೆಳೀಬೇಕು ಕಣೇ. ನಿಮ್ಮಣ್ಣ ಇನ್ನೊಂದ್ಸಲ ಬಿದ್ರೆ ಏಳಲ್ಲ."

ಚೀಲವನ್ನು ನನ್ನ ಕೈಯಾರೆ ಅವಳ ಗಾಡಿಗೆ ಹಾಕಿದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಮರಿ ಬೆಳೆದದ್ದು ಹೇಗಂತೀರಿ! ವಾರ ಬಿಟ್ಟು ನೋಡಿದರೆ ಗುರುತು ಸಿಗುತ್ತಿರಲಿಲ್ಲ. "ನಾಯೀನೋ ಕುದುರೇನೋ" ಎಂದು ಚರ್ಚಿನವರು ಬೆರಗಾದರೆ ಆರ್ಡಿಸ್ ಉಬ್ಬಿಹೋಗುತ್ತಿದ್ದಳು. ಓರಿನ್ ಅದಕ್ಕೆ ಕಲಿಸಿದ್ದು ಒಂದೇ ಪಾಠ. ಅವನು ಕುರ್ಚಿಯಿಂದ ಏಳಹೊರಟರೆ ಸಾಕು, ಡೀಕನ್ ಓಡಿಬಂದು ಅವನ ಎಡಕ್ಕೆ ನಾಲ್ಕೂ ಕಾಲೂರಿ ನಿಲ್ಲುತ್ತಿತ್ತು. ನಾಯಿಗೆ ಎರಡು ವರ್ಷ ತುಂಬುವ ತನಕ ಭಾರ ಹಾಕಬಾರದೆಂದು ಅವನು ಬರೀ ಕೈ ಇಡುತ್ತಿದ್ದ.

"ನಮ್ಮನೆ ಹೆಂಗಸರಿಗಿಂತ ಇದೇ ವಾಸಿ. ಕರೆದ ತಕ್ಷಣ ಬರತ್ತೆ, ಎದುರು ಮಾತಾಡಲ್ಲ" ಎಂದು ನಗುತ್ತಿದ್ದ. ಅದಕ್ಕೆ ಮುಂಚೆ ಅವನು ನಕ್ಕು ವರ್ಷವಾಗಿತ್ತು.

ಐದನೇ ತಿಂಗಳಲ್ಲಿ ಅದರ ಮುಂಗಾಲು ಹೊರಕ್ಕೆ ತಿರುಗಿದ್ದು ನನ್ನ ಕಣ್ಣಿಗೆ ಬಿತ್ತು. "ಅತ್ತಿಗೆ, ಕಾಲು ಸೊಟ್ಟ ಆಗಿದೆಯಲ್ಲ?"

ಆರ್ಡಿಸ್ ಬಗ್ಗಿ ನೋಡಿದಳು. "ಹೌದಲ್ಲೇ. ಮೂಳೆಗೆ ಸಾಲ್ತಿಲ್ಲ" ಎಂದವಳೇ ತಟ್ಟೆಗೆ ಇನ್ನೊಂದು ಸೌಟು ಮೂಳೆಪುಡಿ ಸುರಿದಳು. ಅಯ್ಯೋ ದೇವರೇ, ನಾನು ಅಲ್ಲೇ ನಿಂತಿದ್ದೆ, ತಡೆಯಲಿಲ್ಲ.

ಏಳನೇ ತಿಂಗಳಿಗೆ ಅದು ಮೆಟ್ಟಿಲ ಹತ್ತಿರ ನಿಂತು ಅಳತೊಡಗಿತು. ಆಗ ನಾನೂ ಆರ್ಡಿಸೂ ಅದನ್ನು ಪಶುವೈದ್ಯೆಯ ಹತ್ತಿರ ಕರೆದೊಯ್ದೆವು. ಆಕೆ ಎಕ್ಸ್‌ರೇ ನೋಡಿ, ಏನೇನು ತಿನ್ನಿಸುತ್ತೀರಿ ಎಂದು ಕೇಳಿದಳು. ಆರ್ಡಿಸ್ ಒಂದನ್ನೂ ಬಿಡದೆ ಹೇಳಿದಳು.

"ಕ್ಯಾಲ್ಸಿಯಂ ಕಮ್ಮಿ ಆಗಿಲ್ಲ, ಹೆಚ್ಚಾಗಿದೆ" ಎಂದಳು ಡಾಕ್ಟರ್. "ಇಂಥ ದೊಡ್ಡ ಜಾತಿ ಮರಿಗಳ ಮೈಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನೋಕೆ ಬರಲ್ಲ, ಹಾಕಿದ್ದೆಲ್ಲ ಒಳಗೆ ಹೋಗತ್ತೆ. ಮುಂಗಾಲಲ್ಲಿ ಜೋಡಿ ಮೂಳೆ ಇರತ್ತಲ್ಲ, ಒಂದು ಬೆಳೀತಿದೆ, ಇನ್ನೊಂದು ನಿಂತುಬಿಟ್ಟಿದೆ. ಅದಕ್ಕೇ ಬಾಗಿದೆ. ಆಪರೇಷನ್ ಮಾಡಿದ್ರೆ ನೋವು ಕಮ್ಮಿ ಆಗಬಹುದು. ಆದ್ರೆ ಮನುಷ್ಯರ ಭಾರ ಮಾತ್ರ ಯಾವತ್ತೂ ಹಾಕೋ ಹಾಗಿಲ್ಲ."

ವಾಪಸು ಬರುವಾಗ ಆರ್ಡಿಸ್ ದಾರಿಯಲ್ಲಿ ಗಾಡಿ ನಿಲ್ಲಿಸಿದಳು. "ಬೈಯೇ. ಬಾಯಿಗೆ ಬಂದ ಹಾಗೆ ಬೈಯಿ. ಚೀಟಿಯಲ್ಲಿ ಬರೆದಿತ್ತು, ಓದಿದ್ದೆ."

"ಚೀಲ ಕೊಟ್ಟೋಳು ನಾನು" ಎಂದೆ. ಯಾರನ್ನು ಬೈದರೂ ಬಾಗಿದ ಮೂಳೆ ನೆಟ್ಟಗಾಗುತ್ತಿರಲಿಲ್ಲ.

ಓರಿನ್‌ಗೆ ಎಲ್ಲ ಹೇಳಿದೆವು. ಅವನು ಕೂಗಾಡಿದ್ದರೆ ವಾಸಿಯಿತ್ತು. "ಪಾಪ, ಅದರ ನೋವು ಹೋಗ್ಲಿ" ಎಂದ.

ಆಪರೇಷನ್ ಆಯಿತು. ಮುಂದಿನ ಭಾನುವಾರ ನಾನು ಹೋದಾಗ ಓರಿನ್ ಕುರ್ಚಿಯಲ್ಲಿದ್ದ, ಪಟ್ಟಿ ಸುತ್ತಿಕೊಂಡ ಡೀಕನ್ ಕೋಣೆಯ ಮೂಲೆಯಲ್ಲಿ ಮಲಗಿತ್ತು. ಅಣ್ಣ ಮೂರು ದಿನದಿಂದ ಕುರ್ಚಿ ಬಿಟ್ಟೇಳುತ್ತಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಾನೆ ಎಂದು ಆರ್ಡಿಸ್ ಹೇಳಿದಳು. ನನಗೆ ರೇಗಿತು.

"ಹೀಗೇ ಕೂತಿದ್ರೆ ಇರೋ ಕಾಲೂ ಹೋಗತ್ತೆ! ಏಳು ಮಾರಾಯ, ಜಂಬ ಬಿಡು."

ಆರ್ಡಿಸ್ ಅವನ ಮುಂದೆ ಬಗ್ಗಿ ಹೆಗಲು ಕೊಟ್ಟಳು. "ನನ್ನ ಮೇಲೆ ಭಾರ ಹಾಕು ಓರಿನ್. ಏಳು."

ಓರಿನ್ ಮೂಲೆಯತ್ತ ನೋಡಿ, ಮೆಲ್ಲಗೆ ಮಾತಾಡಿ ಎಂದು ಸನ್ನೆ ಮಾಡಿದ.

"ನಾನೆದ್ರೆ ಅದೂ ಎದ್ದು ಬರತ್ತೆ, ಆರ್ಡಿಸ್. ಆ ಕಾಲಲ್ಲೇ ಬಂದು ಪಕ್ಕದಲ್ಲಿ ನಿಲ್ಲತ್ತೆ."

ಎಷ್ಟೋ ಕರು, ಎಷ್ಟೋ ಹಸು ಸತ್ತಾಗಲೂ ಅತ್ತವಳಲ್ಲ ನನ್ನ ಅತ್ತಿಗೆ. ಅವನ ಮಂಡಿಗೆ ಮುಖ ಒತ್ತಿ, ನಾಯಿಗೆ ಎಚ್ಚರವಾಗದ ಹಾಗೆ ಅತ್ತಳು.