ಕನ್ನಡಕದವರ ಅಭಿಪ್ರಾಯ

ಕನ್ನಡಕದ ಅಂಗಡಿಯವರ ಅಭಿಪ್ರಾಯದಿಂದ ತಪ್ಪಿಸಿಕೊಂಡ ಗಿರಾಕಿ ಆ ಬೀದಿಯಲ್ಲೇ ಇಲ್ಲ. ತಪ್ಪಿಸಿಕೊಳ್ಳುವುದಾದರೂ ಹೇಗೆ? ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಒಂದು ಕಣ್ಣು ಮುಚ್ಚಿಸಿ ಕೂರಿಸಿದ ಮೇಲೆ ಯಾರು ತಾನೇ ಎದ್ದು ಓಡುತ್ತಾರೆ! ಒಂದು ಗಾಜು ತೆಗೆದು ಇನ್ನೊಂದು ಸಿಕ್ಕಿಸುವಷ್ಟರಲ್ಲಿ ಅವರು ಹೊಸ ಸಿನಿಮಾ ಒಂದರ ಪೋಸ್ಟ್‌ಮಾರ್ಟಂ ಮುಗಿಸಿರುತ್ತಿದ್ದರು.

"ಕೆಳಗಿನ ಸಾಲು ಓದಿ. ಆ ಪತ್ತೇದಾರಿ ಸಿನಿಮಾ ನೋಡಿದ್ರಾ? ಹೋಗ್ಬೇಡಿ. ಕೊಲೆ ಮಾಡಿದೋನು ಯಾರು ಅಂತ ಟಿಕೆಟ್ ಹರಿಯೋನಿಗೂ ಗೊತ್ತಿತ್ತು, ಪೊಲೀಸಿನೋನೊಬ್ಬನಿಗೇ ಗೊತ್ತಿರ್ಲಿಲ್ಲ. ಈಗ ಅಕ್ಷರ ಸ್ಪಷ್ಟ ಆಯ್ತಾ?"

ಚಿತ್ರಮಂದಿರದವರು ಹಾಡಿನಲ್ಲೇ ನಡೆಯುವ ಹೊರದೇಶದ ಆಪೆರಾ ನಾಟಕಗಳನ್ನು ಪರದೆಯ ಮೇಲೆ ತೋರಿಸಲು ಶುರುಮಾಡಿದಾಗಲಂತೂ ಇವರನ್ನು ಹಿಡಿಯುವವರೇ ಇರಲಿಲ್ಲ. "ಎದೆಗೆ ಚೂರಿ ಹಾಕಿಸ್ಕೊಂಡು ಅರ್ಧ ಗಂಟೆ ಹಾಡ್ತಾಳೆ ಸ್ವಾಮಿ! ಅಷ್ಟು ಉಸಿರು ಇದ್ದೋಳು ನಡ್ಕೊಂಡೇ ಆಸ್ಪತ್ರೆಗೆ ಹೋಗ್ಬಹುದಿತ್ತು" ಎಂದರು. ಆ ಭಾಷೆಯ ಗಂಧಗಾಳಿ ಇಲ್ಲದಿದ್ದರೂ ಗಾಯಕಿಯ ಉಚ್ಚಾರಣೆಯಲ್ಲಿ ತಪ್ಪು ಹುಡುಕಿದರು. ಧೈರ್ಯ ಅಂದರೆ ಇದಪ್ಪಾ!

ಹೀಗಿರುವಾಗ ಊರಿನ ತಂಡದವರು ಹಳೆಯ ನಗೆನಾಟಕವೊಂದನ್ನು ಮತ್ತೆ ರಂಗಕ್ಕೆ ತರಲು ಹೊರಟು, ಗಯ್ಯಾಳಿ ಅತ್ತೆಯ ಪಾತ್ರಕ್ಕೆ ಇವರ ಹೆಂಡತಿಯನ್ನೇ ಆರಿಸಿದರು. ಪಾತ್ರ ಬರುವುದು ಮಧ್ಯಂತರದ ನಂತರ. ಆಕೆ ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ ಮಾತುಗಳನ್ನು ಉರುಹೊಡೆದರು.

"ರೀ, ಯಾರು ಏನಾದ್ರೂ ಅನ್ಲಿ, ನೀವು ಚೆನ್ನಾಗಿತ್ತು ಅಂದ್ರೆ ನಂಗೆ ಸಾಕು. ಭಯ ಆದ್ರೆ ನಿಮ್ಮ ಮುಖ ನೋಡ್ಕೊಂಡೇ ಮಾತಾಡ್ತೀನಿ."

"ಹೆಂಡ್ತಿ ಅಂತ ರಿಯಾಯಿತಿ ಇಲ್ಲ ಮತ್ತೆ" ಎಂದರು ಕನ್ನಡಕದವರು. ಬಾಯಲ್ಲಿ ಹಾಗಂದರೂ ಅವರಿಗೂ ಒಳಗೊಳಗೇ ಚಿಂತೆ. ಇವಳು ಮಾತು ಮರೆತು ನಿಂತುಬಿಟ್ಟರೆ ನಾಳೆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದು ಹೇಗೆ?

ಮೊದಲ ಪ್ರಯೋಗದ ದಿನ ಮುಂದಿನ ಸಾಲಿನಲ್ಲಿ ಕೂತು ಮೊದಲರ್ಧ ನೋಡಿದರು. ಮಧ್ಯಂತರದಲ್ಲಿ ಕಾಫಿಗೆಂದು ಹೊರಗೆ ಬಂದಾಗ ಔಷಧಿ ಅಂಗಡಿಯವರು ಪಾಪ, ಸುಮ್ಮನಿರಲಾರದೆ "ಹೇಗಿದೆ ಸಾರ್?" ಎಂದುಬಿಟ್ಟರು. ಅಷ್ಟೇ ಸಾಕಾಯಿತು. ಬೆಳಕು ಸರಿಯಿಲ್ಲ, ನಾಯಕ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಾನೆ, ಹಳೇ ನಾಟಕ ಎತ್ತಿಕೊಳ್ಳುವವರಿಗೆ ಹೊಸ ಕಣ್ಣು ಬೇಕು. ಮಧ್ಯಂತರ ಮುಗಿದ ಗಂಟೆ ಹೊಡೆಯಿತು. "ಒಂದೇ ಮಾತು" ಎಂದು ಔಷಧಿಯವರ ತೋಳು ಹಿಡಿದರು. ಆ ಮನುಷ್ಯ ಕೊಸರಿಕೊಂಡು ಒಳಗೆ ಓಡಿದ ಮೇಲೆ ಉಳಿದ ಮಾತನ್ನು ಕಾಫಿಯವನಿಗೆ ಹೇಳಿ ಮುಗಿಸಿದರು.

ಬಂದು ನೋಡಿದರೆ ಬಾಗಿಲು ಹಾಕಿದೆ. ಎಷ್ಟು ಬೇಡಿಕೊಂಡರೂ ಕಾವಲಿನವನು ಜಪ್ಪಯ್ಯ ಅನ್ನಲಿಲ್ಲ. ಗಂಟೆ ಹೊಡೆದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಎಂದು ತಂಡದವರೊಂದಿಗೆ ಜಗಳವಾಡಿ ಆ ನಿಯಮ ಮಾಡಿಸಿದವರು ಇವರೇ ಅಲ್ಲವೇ! ಬಾಗಿಲಿಗೆ ಕಿವಿ ಹಚ್ಚಿ ನಿಂತರು. ಏನೂ ತಿಳಿಯಲಿಲ್ಲ. ಕೊನೆಗೆ ಚಪ್ಪಾಳೆ ಮಾತ್ರ ಕೇಳಿಸಿತು.

ಜನ ಹೊರಬಂದರು. "ಅತ್ತೆ ಅತ್ತಿದ್ದು ನೋಡಿ ಕರುಳು ಚುರುಕ್ ಅಂತು ಕಣ್ರೀ" ಎಂದು ಯಾರೋ ಅನ್ನುತ್ತಿದ್ದರು. ಕನ್ನಡಕದವರಿಗೆ ಹೋದ ಜೀವ ಬಂದಂತಾಯಿತು. ಸೀದಾ ಬಣ್ಣದ ಕೋಣೆಗೆ ನುಗ್ಗಿದರು.

"ಭೇಷ್! ಆ ಅಳು ಇದೆಯಲ್ಲ, ಎಷ್ಟು ಸಹಜ! ಅಲ್ಲೇ ಗೆದ್ದೆ ನೋಡು ನೀನು."

ಹೆಂಡತಿ ಕನ್ನಡಿಯ ಮುಂದೆ ಕೂತು ಮುಖದ ಬಣ್ಣ ಒರೆಸುತ್ತಿದ್ದರು. ತಿರುಗಲಿಲ್ಲ.

"ನಾಟಕದಲ್ಲಿ ಅಳೋದು ಇರ್ಲಿಲ್ಲರೀ. ನಿಮ್ಮ ಜಾಗ ಖಾಲಿ ಇತ್ತು."

ಕನ್ನಡಕದವರು ಬಣ್ಣ ಒರೆಸುವ ಇನ್ನೊಂದು ಬಟ್ಟೆ ಎತ್ತಿ ಆಕೆಗೆ ಕೊಟ್ಟರು.

"ನಿರ್ದೇಶಕರಿಗೆ ಆ ಅಳು ತುಂಬ ಹಿಡಿಸಿದೆ, ನಾಳೆಯ ಪ್ರಯೋಗದಲ್ಲೂ ಬೇಕಂತೆ" ಎಂದರು ಆಕೆ. "ನೀವು ಬರೋದು ಬೇಡ."