ಅದೇ ಮೂವತ್ತಾರು

ನನ್ನ ಗೆಳೆಯ ನಮ್ಮೂರಿನ ನೀರುಗಂಟಿ. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲ ಮೇಲೆ ಹೊತ್ತು, ಇಪ್ಪತ್ತೆಂಟು ವರ್ಷ ಬೀದಿ ಬೀದಿಯ ವಾಲ್ವು ತಿರುಗಿಸಿ ನೀರು ಬಿಟ್ಟವನು. ನೀರು ಬಂದ ದಿನ ಅವನನ್ನು ಯಾರೂ ನೆನೆಯುತ್ತಿರಲಿಲ್ಲ. ಬಾರದ ದಿನ ಅವನ ಏಳು ತಲೆಮಾರೂ ಜನರ ಬಾಯಲ್ಲಿ ಬಂದುಹೋಗುತ್ತಿತ್ತು. ಊರಿಗೆಲ್ಲ ಅವನು ನೀರಣ್ಣ. ನನಗೆ ಮಾತ್ರ ಡುಮ್ಮ. ನಾನು ಟೈಲರ್, ಹಾಗಾಗಿ ಅವನಿಗೆ ನಾನು ಕತ್ತರಿ.

ವರ್ಷಕ್ಕೆರಡು ಸಲ ಅವನಿಗೆ ಆಫೀಸಿನಿಂದ ಖಾಕಿ ಬಟ್ಟೆ ಸಿಗುತ್ತಿತ್ತು. ಎರಡೂ ಪ್ಯಾಂಟು ಹೊಲಿಯುವವನು ನಾನೇ. ನಾನು ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ಅವನು ಉಸಿರು ಬಿಗಿಹಿಡಿದು, "ಎಷ್ಟೋ?" ಅನ್ನುತ್ತಿದ್ದ. ನಾನು "ಅದೇ ಮೂವತ್ತಾರು" ಅನ್ನಬೇಕು. ಆಗಲೇ ಅವನು ಉಸಿರು ಬಿಡುವುದು. ಜನ ದಪ್ಪಗಾಗಲು ಹೆದರಿದರೆ ಇವನಿಗೆ ಸಣ್ಣಗಾಗುವ ಭಯ. ಅವನಪ್ಪ ಸಣ್ಣಗಾಗುತ್ತಾ ಆಗುತ್ತಾ, ಕಡೆಗೆ ಹೊದಿಕೆಯ ಕೆಳಗೆ ಮನುಷ್ಯ ಇದ್ದಾನೋ ಇಲ್ಲವೋ ಅನ್ನುವಷ್ಟಾಗಿ ಹೋಗಿದ್ದರು. ಆಗ ಇವನಿಗೆ ಹದಿನಾಲ್ಕು ವರ್ಷ.

ಹೋದ ವರ್ಷ ಟೇಪು ಸುತ್ತಿದಾಗ ಮೂವತ್ನಾಲ್ಕು ಬಂತು. ಮತ್ತೊಮ್ಮೆ ಸುತ್ತಿದೆ, ಅಷ್ಟೇ. "ಎಷ್ಟೋ?" ಅಂದ. ಅವನ ಮುಖ ನೋಡಿ ನನ್ನ ನಾಲಿಗೆಯೇ ನನ್ನನ್ನು ಕೇಳದೆ "ಅದೇ ಮೂವತ್ತಾರು" ಅಂದುಬಿಟ್ಟಿತು. ಪೈಪು ಒಡೆದು ಹಗಲಿಡೀ ಅಲೆದಿದ್ದ ದಿನಗಳವು, ಅದಕ್ಕೇ ಸ್ವಲ್ಪ ಇಳಿದಿದ್ದಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಟ್ಟೆಯನ್ನು ಮೂವತ್ತಾರಕ್ಕೇ ಕತ್ತರಿಸಿ, ಹೊಲಿಗೆ ಮಾತ್ರ ಮೂವತ್ನಾಲ್ಕಕ್ಕೆ ಹಾಕಿ, ಉಳಿದದ್ದನ್ನು ಒಳಗೆ ಮಡಚಿಟ್ಟೆ. ಮತ್ತೆ ಮೈ ತುಂಬಿಕೊಂಡಾಗ ಬಿಚ್ಚಿ ಕೊಟ್ಟರಾಯಿತು ಅಂತ. ಹಳೆಯ ಪ್ಯಾಂಟುಗಳನ್ನೂ ಜಿಪ್ಪು ನೋಡುತ್ತೇನೆ ಅಂತ ತರಿಸಿ ಬಿಗಿ ಮಾಡಿದೆ. ಆಮೇಲೆ ಮೂವತ್ತಮೂರು, ಆಮೇಲೆ ಮೂವತ್ತೊಂದು. ಒಂದು ಸುಳ್ಳಿಗೆ ಹತ್ತು ಸುಳ್ಳು ಅನ್ನುತ್ತಾರೆ. ನನಗೆ ಹೊಸ ಸುಳ್ಳು ಹುಡುಕುವ ಶ್ರಮವೂ ಇರಲಿಲ್ಲ, ಅದೇ ಒಂದನ್ನು ಪ್ರತಿ ಸಲವೂ ಹೇಳಿದೆ.

ಒಂದು ದಿನ ಬೆಳಿಗ್ಗೆ ಅಂಗಡಿ ಬಾಗಿಲಿಗೆ ಬಂದು ನಿಂತ. "ನಡಿಯೋ ಕತ್ತರಿ, ಬೆಟ್ಟದ ಜಲಪಾತಕ್ಕೆ ಹೋಗಿಬರೋಣ. ಊರಿಗೆಲ್ಲಾ ಅಲ್ಲಿಯ ನೀರೇ ಬಿಟ್ಟಿದೀನಿ, ಅದು ಹುಟ್ಟೋ ಜಾಗಾನೇ ನೋಡಿಲ್ಲ."

"ಇಷ್ಟು ವರ್ಷ ಇಲ್ಲದ್ದು ಇವತ್ತೇನು?"

"ಬರ್ತೀಯೋ, ಪ್ರಶ್ನೆ ಕೇಳ್ತೀಯೋ?"

ಬಸ್ಸಿಳಿದು ಹತ್ತತೊಡಗಿದೆವು. ಇಡೀ ಊರನ್ನು ಕಾಲಲ್ಲೇ ಅಳೆದವನು ಇಪ್ಪತ್ತು ಹೆಜ್ಜೆಗೊಮ್ಮೆ ಕಲ್ಲು ಹುಡುಕಿ ಕೂರುತ್ತಿದ್ದ. ಕೂತಾಗಲೆಲ್ಲ ನನ್ನ ಮೇಲೆಯೇ ಗೂಬೆ ಕೂರಿಸುತ್ತಿದ್ದ. "ನಿನಗೆ ಸುಸ್ತಾಗಿದೆ, ಪಾಪ. ಅದಕ್ಕೇ ಕೂತೆ." ಒಂದೂವರೆ ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯಿತು.

ಜಲಪಾತ ಕಂಡಾಗ ಅವನು ಬಾಯಿ ತೆರೆದು ನಿಂತುಬಿಟ್ಟ. ಆಮೇಲೆ, "ಇದಕ್ಕೆ ವಾಲ್ವೇ ಇಲ್ವಲ್ಲೋ!" ಅಂದ. "ಇಲ್ಲಿ ಇಷ್ಟೊಂದು ನೀರು ಸುಮ್ನೆ ಬೀಳ್ತಿದೆ. ಅಲ್ಲಿ ಎರಡು ಕೊಡ ಕಮ್ಮಿ ಆಯ್ತು ಅಂತ ನಾನು ಬೈಸಿಕೊಳ್ತಿದ್ದೆ." ನಗುತ್ತಲೇ ಶರ್ಟು ಪ್ಯಾಂಟು ಬಿಚ್ಚಿ ಬಂಡೆಯ ಮೇಲೆ ಹಾಕಿ, ಚಡ್ಡಿಯಲ್ಲಿ ನೀರಿಗಿಳಿದ. ಅವನ ಬೆನ್ನಿನ ಎಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ನಾನು ಬೇರೆ ಕಡೆ ನೋಡಿದೆ.

ಬಂದು ಪಕ್ಕದಲ್ಲಿ ಕೂತು, ಟವೆಲು ಹೊದ್ದು, ನೀರಿನ ಕಡೆಯೇ ನೋಡುತ್ತಾ ಹೇಳಿದ. "ಹೊಟ್ಟೇಲಿ ಗಡ್ಡೆಯಂತೆ ಕಣೋ. ಕೈಮೀರಿದೆ ಅಂದ್ರು. ಹೋದ ವರ್ಷ ಹೊಟ್ಟೆನೋವು ಅಂತ ಹೋದಾಗಲೇ ನಮ್ಮೂರ ಡಾಕ್ಟ್ರು ಕೇಳಿದ್ರು, ಸಣ್ಣಗಾಗಿದೀರಾ ಅಂತ. ಇಲ್ಲ ಸಾರ್, ನನ್ನ ಟೈಲರ್ ಮೊನ್ನೆ ತಾನೇ ಅಳತೆ ತಗೊಂಡ, ಅದೇ ಮೂವತ್ತಾರು ಅಂದೆ. ಗ್ಯಾಸಿನ ಮಾತ್ರೆ ಬರೆದು ಕಳಿಸಿದ್ರು. ಮನೇಲಿ ಇವಳೂ ಇಳಿದುಹೋಗಿದೀರಿ ಅಂತ ಬಡ್ಕೊಂಡ್ಲು. ಅವಳಿಗೂ ನಿನ್ನ ಅಳತೆ ಹೇಳಿಯೇ ಬಾಯಿ ಮುಚ್ಚಿಸ್ದೆ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಮುಚ್ಚಿಕೊಳ್ಳಲಿಕ್ಕೂ ನೋಡಿದೆ, ದೇವರಾಣೆ ನೋಡಿದೆ. ಆಗಲಿಲ್ಲ. ಬಂಡೆಯ ಮೇಲಿದ್ದ ಪ್ಯಾಂಟು ತೆಗೆದು ಒಳಮೈ ಹೊರಮೈ ಮಾಡಿ ಅವನ ತೊಡೆಯ ಮೇಲಿಟ್ಟೆ. ಹಿಂಬದಿಯ ಹೊಲಿಗೆಯ ಪಕ್ಕದಲ್ಲಿ ಮಡಚಿಟ್ಟ ಬಟ್ಟೆ ಬೆರಳಿನಷ್ಟು ದಪ್ಪ ಇತ್ತು.

ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿದ. "ಎಷ್ಟು?"

"ಐದು ಇಂಚು."

ಬೈಯುತ್ತಾನೆ ಅಂದುಕೊಂಡೆ. ಬೈಯಲಿ, ಹೊಡೆಯಲಿ ಅಂತ ಕಾದೆ. ಪ್ಯಾಂಟನ್ನು ನನ್ನ ತೊಡೆಗೆ ತಳ್ಳಿ, "ಬಿಚ್ಚು," ಅಂದ.

"ಡುಮ್ಮಾ..."

"ಬಿಚ್ಚೋ. ನಾನು ಎಷ್ಟು ಕಳ್ಕೊಂಡಿದೀನಿ ಅಂತ ನಾನೂ ನೋಡ್ತೀನಿ."

ಜೇಬಿನಲ್ಲಿ ಸದಾ ಇರುವ ಪುಟ್ಟ ಕತ್ತರಿಯಿಂದ ನಾನು ಹಾಕಿದ ಹೊಲಿಗೆಯನ್ನು ನಾನೇ ಬಿಚ್ಚಿದೆ. ಕಣ್ಣು ಮಂಜಾಗಿ ಎರಡು ಸಲ ಬೆರಳು ಕುಯ್ದುಕೊಂಡೆ. ಅವನು ಪ್ಯಾಂಟು ಹಾಕಿಕೊಂಡ. ಅದು ಜಾರಿತು. ಒಂದು ಕೈಯಲ್ಲಿ ಸೊಂಟದ ಹತ್ತಿರ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದುಕೊಂಡು ಇಳಿಯತೊಡಗಿದ. ಜಾರುವ ಕಡೆಯೆಲ್ಲ ನಾನು ಕೈ ಚಾಚಿದೆ. ಅವನು ಮರ ಹಿಡಿದ, ಬಂಡೆ ಹಿಡಿದ, ನನ್ನ ಕೈ ಹಿಡಿಯಲಿಲ್ಲ. ಬಸ್ಸಿನಲ್ಲೂ ಬೇರೆ ಸೀಟಿನಲ್ಲಿ ಕೂತ.

ಮೂರು ತಿಂಗಳು ನಮ್ಮಿಬ್ಬರಿಗೂ ಮಾತಿಲ್ಲ. ಅವನ ಮನೆಯ ಮುಂದೆಯೇ ಹಾದುಹೋಗುತ್ತಿದ್ದೆ, ಬಾಗಿಲು ತಟ್ಟಲು ಯಾವ ಮುಖ ಇಟ್ಟುಕೊಂಡು ಹೋಗಲಿ? ಕಡೆಗೆ ಒಂದು ಮಧ್ಯಾಹ್ನ ಅವನ ಹೆಂಡತಿಯೇ ಅಂಗಡಿಗೆ ಬಂದರು. "ಕರೀತಿದಾರೆ ಅಣ್ಣಾ. ಟೇಪು ತರಬೇಕಂತೆ."

ಹೊದಿಕೆಯ ಕೆಳಗೆ ಅವನಿದ್ದಾನೋ ಇಲ್ಲವೋ ಅನ್ನುವ ಹಾಗಿದ್ದ. "ತಗೋ ಅಳತೆ," ಅಂದ. ಹೊದಿಕೆ ಸರಿಸಿ ಟೇಪು ಸುತ್ತಿದೆ. ಅವನು ಎಂದಿನಂತೆ ಉಸಿರು ಬಿಗಿಹಿಡಿದ.

"ಎಷ್ಟೋ?"

ಈ ಸಲ ಅವನಿಗೆ ಮೋಸ ಮಾಡಬಾರದು ಅಂತ ಹಲ್ಲು ಕಚ್ಚಿ, "ಇಪ್ಪತ್ತಾರು," ಅಂದೆ.

ಉಸಿರು ಬಿಡಲಿಲ್ಲ ಅವನು. ತಡಕಾಡಿ ನನ್ನ ಕೈ ಹಿಡಿದುಕೊಂಡ.

"ಇವತ್ತೊಂದು ದಿನ ಸುಳ್ಳು ಹೇಳೋ, ಕತ್ತರಿ."

"ಅದೇ ಮೂವತ್ತಾರು," ಅಂದೆ.

ಅವನು ಉಸಿರು ಬಿಟ್ಟ.